ಮಸಿಯಿಲ್ಲದ ಅಚ್ಚು

ಪ್ರಶ್ನೆ: ಶಿಲ್ಪಿ, ಮುದ್ರಣ ಕಲಾವಿದ ಸೋಮನಾಥ ಹೋರ್ ಅವರ ‘ಗಾಯಗಳು’ ಸರಣಿಯಲ್ಲಿ ಮಸಿಯಿಲ್ಲದೆ ಬಿಳಿ ಕಾಗದದಲ್ಲಿ ಸೀಳು ಮೂಡಿದ್ದು ಹೇಗೆ? ಮಕ್ಕಳಿಂದ ಮಾಡಿಸಿದರೆ ಕಾಗದ ಸೊಟ್ಟಗಾಗುತ್ತಿದೆ.
– ಚಿತ್ರಕಲಾ ಶಿಕ್ಷಕಿ, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಹೋರ್ (1921–2006) ಅಲ್ಲಿ ಕಾಗದದ ಮೇಲೆ ಮುದ್ರಿಸಲಿಲ್ಲ, ಕಾಗದವನ್ನೇ ಎರಕ ಹೊಯ್ದರು. ಜೇಡಿಮಣ್ಣು ಅಥವಾ ಮೇಣದ ಹಲಗೆಯನ್ನು ಸೀಳಿ, ಅದರಿಂದ ಸಿಮೆಂಟ್ ಅಚ್ಚು ತೆಗೆದು, ಅದಕ್ಕೆ ಕಾಗದದ ತಿರುಳು ಒತ್ತಿದರು. ಮಣ್ಣಿನ ತಗ್ಗು ಸಿಮೆಂಟಿನಲ್ಲಿ ಉಬ್ಬಾಗಿ, ಕಾಗದದಲ್ಲಿ ಮತ್ತೆ ತಗ್ಗಾಗುತ್ತದೆ. 1943ರ ಬಂಗಾಳದ ಬರಗಾಲವನ್ನು ಕಂಡು ಚಿತ್ರಿಸಿದ ಕೈಯದು. ಆ ತಗ್ಗನ್ನು ಬರೀ ವಿನ್ಯಾಸವೆಂದು ಮಕ್ಕಳಿಗೆ ಹೇಳಬೇಡಿ.

ಶಾಲೆಯಲ್ಲಿ ಅಚ್ಚಿಗೆ ಸಿಮೆಂಟಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಮಣ್ಣಿನ ಹಲಗೆ 2 ಸೆಂ.ಮೀ. ದಪ್ಪವಿರಲಿ. ಸೀಳಿನ ಬಾಯಿ ಅಗಲ, ತಳ ಕಿರಿದಾಗಿರಬೇಕು. ತಿರುಗಾಮುರುಗಾ ಆದರೆ ಕಾಗದ ಉಬ್ಬಿಗೆ ಕಚ್ಚಿಕೊಂಡು ಹರಿಯುತ್ತದೆ. ಹತ್ತಿ ಕಾಗದದ ಚೂರುಗಳನ್ನು ರಾತ್ರಿ ನೆನೆಸಿ, ಧಾರಾಳ ನೀರಿನೊಂದಿಗೆ ಮಿಕ್ಸಿಯಲ್ಲಿ ರುಬ್ಬಿ, ಆ ತಿರುಳನ್ನು ಅಚ್ಚಿನ ಮೇಲೆ 5 ಮಿ.ಮೀ. ದಪ್ಪ ಹರಡಿ, ಸ್ಪಂಜಿನಿಂದ ಒತ್ತಿ ನೀರು ಹೀರಿ. ದಿನಪತ್ರಿಕೆ ಬೇಡ, ಹಳದಿಯಾಗುತ್ತದೆ.

ಸೊಟ್ಟಗಾಗುವುದು ಬಿಸಿಲಿಗಿಟ್ಟಿದ್ದರಿಂದ. ಯುಗಾದಿ ಹೊತ್ತಿನ ನಿಮ್ಮೂರ ಬಿಸಿಲಿಗೆ ಅಂಚು ಮೊದಲು ಒಣಗಿ ಸೆಳೆದುಕೊಳ್ಳುತ್ತದೆ. ನೆರಳಲ್ಲಿ, ಅಚ್ಚಿನಲ್ಲೇ, ಪೂರ್ತಿ ಒಣಗುವವರೆಗೆ ಬಿಡಿ.