ಗೂಡಿನ ಬಾಗಿಲು ಹಗಲೆಲ್ಲ ತೆರೆದಿರಲಿ

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನಾವು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಬೀಚಿನ ಹತ್ತಿರ ಸಿಕ್ಕಿದ ಎರಡು ತಿಂಗಳ ಹೆಣ್ಣುಮರಿಯನ್ನು ತಂದು ಸಾಕುತ್ತಿದ್ದೇವೆ, ಊರುನಾಯಿಯೇ. ಮನೆಯೊಳಗೆ ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತದೆಂದು 42 ಇಂಚಿನ ತಂತಿಯ ಕ್ರೇಟ್ ತರಿಸಿದೆವು. ದೊಡ್ಡದಾದ ಮೇಲೂ ಅದೇ ಆಗಲಿ ಎಂಬ ಲೆಕ್ಕ. ಹಿಂದಿನ ಬಾಲ್ಕನಿಯಲ್ಲಿಟ್ಟು ದಪ್ಪ ಹಾಸಿಗೆ ಹಾಕಿದ್ದೇವೆ. ಮರಿ ರಾತ್ರಿಯಿಡೀ ಕೂಗುತ್ತದೆ, ಬೆಳಿಗ್ಗೆ ನೋಡಿದರೆ ಒಂದು ಮೂಲೆ ಒದ್ದೆ. ದಿನಾ ಫಿನಾಯಿಲ್ ಹಾಕಿ ತೊಳೆದರೂ ಮತ್ತೆ ಅದೇ ಮೂಲೆ. ನಾನೂ ನಮ್ಮನೆಯವರೂ ಒಂಬತ್ತಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಐದೂವರೆಗೆ. ಮನೆಯಲ್ಲಿ ಅತ್ತೆ ಇರುತ್ತಾರೆ, ಆದರೆ ಮಂಡಿನೋವು, ಮೆಟ್ಟಿಲು ಇಳಿಯಲಾರರು. “ಕುನ್ನಿಯನ್ನ ಪಂಜರದಲ್ಲಿ ಕೂಡಿ ಹಾಕೋದು ಪಾಪ” ಅಂತ ಅವರಿಗೆ ಬೇಜಾರು. ಈಗ ಮಳೆ ಬೇರೆ. ಏನು ಮಾಡಲಿ?
– ಹೆಸರು ಬೇಡ, ಕಾರವಾರ

ಉತ್ತರ: ತಂಗಿ, ಮೊದಲು ನಿಮ್ಮ ಅತ್ತೆಯವರ ಮಾತಿಗೇ ಬರುತ್ತೇನೆ. ಅದು ತಳ್ಳಿಹಾಕುವ ಮಾತಲ್ಲ. ಎರಡು ತಿಂಗಳ ಮರಿಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ಹಾಕಿ ಇಟ್ಟರೆ ಅದು ಪಾಪವೇ. ಆ ವಯಸ್ಸಿನ ಮರಿ ಹಗಲು ಹೊತ್ತಿನಲ್ಲಿ ಎರಡು, ಹೆಚ್ಚೆಂದರೆ ಮೂರು ತಾಸು ಉಚ್ಚೆ ತಡೆದೀತು. ತಿಂಗಳ ಲೆಕ್ಕಕ್ಕೆ ಒಂದು ಕೂಡಿಸಿದರೆ ಎಷ್ಟೋ ಅಷ್ಟು ತಾಸು ಎಂದು ಅಂದಾಜು ಇಟ್ಟುಕೊಳ್ಳುತ್ತೇವೆ, ಅದೂ ಮೇಲಿನ ಮಿತಿ. ಎಚ್ಚರವಿದ್ದು ಆಡುತ್ತಿದ್ದರೆ ಅರ್ಧ ತಾಸಿಗೇ ಬಂದುಬಿಡುತ್ತದೆ.

ಮಲಗುವ ಜಾಗ ಹೊಲಸಾಗಬಾರದು ಎಂಬುದು ಮರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೂರು ವಾರದ ಸುಮಾರಿಗೆ ಕಾಲು ಊರಲು ಬಂದದ್ದೇ ತಡ, ಅದು ತಾಯಿಯ ಮಗ್ಗುಲು ಬಿಟ್ಟು ತುಸು ಆಚೆ ಹೋಗಿ ಉಚ್ಚೆ ಮಾಡಿ ಬರುತ್ತದೆ. ಗೂಡು ಈ ಸ್ವಭಾವವನ್ನು ಬಳಸಿಕೊಳ್ಳುತ್ತದೆ, ಅಷ್ಟೇ. ಒಳಗಿದ್ದಾಗ ಮರಿ ಸ್ವಲ್ಪ ಹೊತ್ತು ತಡೆಯುತ್ತದೆ. ಆ ಹೊತ್ತಿನೊಳಗೆ ನೀವು ಅದನ್ನು ಸರಿಯಾದ ಜಾಗಕ್ಕೆ ಒಯ್ಯಬೇಕು. ಕಲಿಸುವವರು ನೀವು, ಗೂಡಲ್ಲ. ಒಯ್ಯುವವರು ಇಲ್ಲದ ಹೊತ್ತಿನಲ್ಲಿ ಬಾಗಿಲು ಹಾಕುವ ಹಕ್ಕೂ ನಮಗಿಲ್ಲ ಎಂದು ನಾನು ತಿಳಿದಿದ್ದೇನೆ.

ಈಗ ನಿಮ್ಮ ಕ್ರೇಟ್. 42 ಇಂಚು ಎಂದರೆ ಬೆಳೆದ ಲ್ಯಾಬ್ರಡಾರ್ ಮಲಗುವ ಅಳತೆ. ನಿಮ್ಮ ಮರಿಗೆ ಅದೊಂದು ಕೋಣೆ. ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯಲ್ಲಿ ಉಚ್ಚೆ ಮಾಡಿ ಒಣ ಜಾಗಕ್ಕೆ ವಾಪಸು ಬರುತ್ತಿದೆ, ಅದಕ್ಕೇ ದಿನವೂ ಅದೇ ಮೂಲೆ. ಎದ್ದು ನಿಲ್ಲಲು, ಒಂದು ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಜಾಗ ಇರಬೇಕು, ಅದಕ್ಕಿಂತ ಹೆಚ್ಚು ಬೇಡ. ಕ್ರೇಟಿನ ಜೊತೆ ಒಂದು ಅಡ್ಡ ಜಾಲರಿ ಬಂದಿರಬಹುದು, ಪೆಟ್ಟಿಗೆಯ ತಳ ನೋಡಿ. ಅದನ್ನು ನಡುವೆ ಸಿಕ್ಕಿಸಿ, ಮರಿ ಬೆಳೆದಂತೆ ಹಿಂದಕ್ಕೆ ಸರಿಸುತ್ತ ಹೋಗಿ. ಜಾಲರಿ ಬರದಿದ್ದರೆ ಹಾರ್ಡ್‌ವೇರ್ ಅಂಗಡಿಯ ವೆಲ್ಡ್ ಮೆಷ್ ತುಂಡು ಸಾಕು. ಕತ್ತರಿಸಿದ ತುದಿಗಳನ್ನು ಮಾತ್ರ ಆಚೆಗೆ ಮಡಚಿ ಬಡಿಯಿರಿ. ಮರಿಗಳ ಅಂಗಾಲು ಸೀಳುವುದು ಆ ತುದಿಗಳಿಂದಲೇ. ಕಾರವಾರದ ಉಪ್ಪುಗಾಳಿಗೆ ತಂತಿಯ ಬೆಸುಗೆಗಳು ಬೇಗ ತುಕ್ಕು ಹಿಡಿಯುತ್ತವೆ, ಅವನ್ನೂ ಆಗಾಗ ಕೈಯಾಡಿಸಿ ನೋಡಿ.

ದಪ್ಪ ಹಾಸಿಗೆ ತೆಗೆದುಬಿಡಿ. ಉಚ್ಚೆಯನ್ನು ಅದು ಹೀರಿಕೊಂಡರೆ ಮರಿಗೆ ಒದ್ದೆಯೇ ತಾಗುವುದಿಲ್ಲ, ಮಳೆಗಾಲದಲ್ಲಿ ಒಣಗುವುದೂ ಇಲ್ಲ, ಬೂಸಲು ಬರುತ್ತದೆ. ಹಳೆಯ ಹತ್ತಿ ಸೀರೆಯ ಎರಡು ಮಡಿಕೆ ಸಾಕು. ಫಿನಾಯಿಲ್ ನಿಲ್ಲಿಸಿ. ಅದು ವಾಸನೆಯ ಮೇಲೆ ವಾಸನೆ ಹೊದಿಸುತ್ತದೆ, ಕೆಳಗಿನ ಉಚ್ಚೆಯ ವಾಸನೆ ಮರಿಯ ಮೂಗಿಗೆ ಸಿಗುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಫಿನಾಯಿಲ್ ಮೆತ್ತಿದ ಪಾದವನ್ನು ಮರಿ ನೆಕ್ಕುತ್ತದೆ. ಅದು ವಿಷ. ಸೋಪಿನ ನೀರಿನಲ್ಲಿ ತೊಳೆದು, ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಪೂರ್ತಿ ಒಣಗಿಸಿ. ಉಚ್ಚೆಯ ಕಲೆಗೆಂದೇ ಎನ್ಜೈಮ್ ಇರುವ ದ್ರಾವಣ ಸಿಗುತ್ತದೆ, ತರಿಸಿಕೊಂಡರೆ ಇನ್ನೂ ಒಳ್ಳೆಯದು.

ರಾತ್ರಿ ಕ್ರೇಟನ್ನು ನಿಮ್ಮ ಮಂಚದ ಪಕ್ಕಕ್ಕೆ ತನ್ನಿ. ತಾಯಿ, ಒಡಹುಟ್ಟಿದ ಮರಿಗಳು ಎಲ್ಲರನ್ನೂ ಬಿಟ್ಟು ಬಂದ ಕೂಸು ಅದು. ಮಳೆ ಹೊಡೆಯುವ ಬಾಲ್ಕನಿಯಲ್ಲಿ ಒಂಟಿಯಾಗಿ ಮಲಗಿಸಿದರೆ ಕೂಗದೆ ಇನ್ನೇನು ಮಾಡೀತು? ಕೈ ಇಳಿಬಿಟ್ಟರೆ ಮೂಸಿ ನೋಡುವಷ್ಟು ಹತ್ತಿರ ಇರಲಿ. ಮೂರು ಬದಿಗೆ ತೆಳು ಬಟ್ಟೆ ಹೊದಿಸಬಹುದು, ನಾಲ್ಕೂ ಬದಿ ಬೇಡ. ನಿಮ್ಮಲ್ಲಿನ ಸೆಖೆಗೆ, ಕರೆಂಟೂ ಹೋದರೆ, ಒಳಗೆ ಬೇಯುತ್ತದೆ. ಕೊರಳಪಟ್ಟಿ ಬಿಚ್ಚಿ ಒಳಗೆ ಬಿಡಿ, ತಂತಿಗೆ ಸಿಕ್ಕಿಕೊಂಡು ಉಸಿರುಕಟ್ಟುತ್ತದೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎರಡು-ಮೂರರ ಹೊತ್ತಿಗೆ ಒಮ್ಮೆ, ಬೆಳಗಾಗುತ್ತಲೇ ಒಮ್ಮೆ ಹೊರಗೆ ಒಯ್ಯಬೇಕು. ನಿದ್ದೆಯಿಂದ ಎದ್ದು ಕುಂಯ್‌ಗುಟ್ಟಿದರೆ ಅದು ಉಚ್ಚೆಗೇ ಎಂದು ತಿಳಿಯಿರಿ. ದೀಪ ಹಾಕಿ ಮುದ್ದು ಮಾಡಲು ಕೂರಬೇಡಿ. ಎತ್ತಿ ಒಯ್ದು, ಆದ ಮೇಲೆ ಸುಮ್ಮನೆ ತಂದು ಮಲಗಿಸಿ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ಬೆಳತನಕ ಮಲಗುತ್ತವೆ.

ಒಯ್ಯುವ ರೀತಿಯನ್ನು ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ. ಬಾಗಿಲು ತೆರೆದು “ಬಾ ಬಾ” ಎಂದು ಕರೆದರೆ ಮರಿ ನಾಲ್ಕು ಹೆಜ್ಜೆ ಓಡಿ ನಡುಮನೆಯಲ್ಲೇ ಕೂತುಬಿಡುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಕೊಟ್ಟು ಎತ್ತಿಕೊಳ್ಳಿ. ದಿನವೂ ಒಂದೇ ಜಾಗದಲ್ಲಿ ಇಳಿಸಿ, ನೀವು ಅಲ್ಲಾಡದೆ ನಿಲ್ಲಿ. ಮಾತಾಡಿದರೆ ಅದಕ್ಕೆ ಆಟ ನೆನಪಾಗುತ್ತದೆ. ಮೂಸುತ್ತದೆ, ಸುತ್ತು ಹಾಕುತ್ತದೆ, ಹಿಂಗಾಲು ಬಗ್ಗಿಸುತ್ತದೆ. ಆಗ ಮೆಲ್ಲಗೆ “ಸುಸು ಮಾಡು” ಎನ್ನಿ. ಮನೆಯವರೆಲ್ಲ ಅದೇ ಮಾತು ಹೇಳಬೇಕು. ಮುಗಿಸಿ ಎದ್ದ ಕ್ಷಣದಲ್ಲೇ, ಅಲ್ಲೇ, ಮುಳ್ಳು ಬಿಡಿಸಿದ ಬೇಯಿಸಿದ ಮೀನಿನ ಒಂದು ಚೂರು ಬಾಯಿಗೆ ಕೊಡಿ, ಉಪ್ಪು ಖಾರ ಏನೂ ಇಲ್ಲದ್ದು. ಮನೆಗೆ ಬಂದ ಮೇಲೆ ಕೊಟ್ಟರೆ ಮನೆಗೆ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ಕೊಟ್ಟ ಮೇಲೂ ಇನ್ನೆರಡು ನಿಮಿಷ ನಿಲ್ಲಿ. ಮರಿಗಳು ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡುವುದಿಲ್ಲ, ಉಳಿದದ್ದು ಒಳಗೆ ಬಂದು ಆಗುತ್ತದೆ. ಎದ್ದ ತಕ್ಷಣ, ಉಣಿಸಿದ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದೊಡನೆ, ಹೀಗೆ ಪ್ರತಿ ಸಲವೂ.

ಬಾಗಿಲು ಹಾಕುವ ಆತುರ ಬೇಡ. ಮೊದಲ ಕೆಲವು ದಿನ ಅದು ತಾನಾಗಿ ಬಡಿಯದಂತೆ ದಾರ ಕಟ್ಟಿ ತೆರೆದೇ ಇಡಿ. ಊಟದ ತಟ್ಟೆಯನ್ನು ಮೊದಲು ಗೂಡಿನ ಬಾಯಲ್ಲಿ, ಮರುದಿನ ತುಸು ಒಳಗೆ, ಆಮೇಲೆ ಒಳಗಿನ ಕೊನೆಯಲ್ಲಿ ಇಡಿ. ಉಣ್ಣುವಾಗ ಬಾಗಿಲು ಹಾಕಿ, ಉಂಡು ಮುಗಿಸುವ ಮೊದಲೇ ತೆರೆಯಿರಿ. ಹಾಗೇ ನಿಮಿಷ ನಿಮಿಷ ಹೆಚ್ಚಿಸಿ. ಸಿಟ್ಟು ಬಂದಾಗ ಅದರೊಳಗೆ ನೂಕುವುದು, ಉಚ್ಚೆಗೆ ಮೂತಿ ಒರೆಸುವುದು, ಹೊಡೆಯುವುದು ಯಾವುದೂ ಕೂಡದು. ಹೊಡೆಸಿಕೊಂಡ ಮರಿ ನಿಮ್ಮ ಕಣ್ಣು ತಪ್ಪಿಸಿ ಮಂಚದ ಅಡಿಯಲ್ಲಿ ಮಾಡುವುದನ್ನು ಕಲಿಯುತ್ತದೆ. ಒಳಗೆ ಹಾಕಿದಾಗ ಜೊಲ್ಲು ಸುರಿಸಿ, ವಸಡು ಕೀಳುವಂತೆ ತಂತಿ ಕಚ್ಚಿದರೆ ಅದು ಹಟವಲ್ಲ, ದಿಗಿಲು. ಅಂಥ ಮರಿಗೆ ಕ್ರೇಟೇ ಬೇಡ, ಬೇಲಿ ಕಟ್ಟಿದ ಮೂಲೆ ಸಾಕು.

ಈಗ ಕಷ್ಟದ ಪ್ರಶ್ನೆ, ಒಂಬತ್ತರಿಂದ ಐದೂವರೆ. ಆ ಹೊತ್ತಿಗೆ ನಾನು ಹೇಳುವುದು ಬೇಲಿಯನ್ನೇ. ಅಡುಗೆಮನೆಯ ಆಚೆಯ ಪಡಸಾಲೆಯೋ, ಎರಚಲು ಬೀಳದ ಬಾಲ್ಕನಿಯ ಭಾಗವೋ ನೋಡಿ, ಎರಡಡಿ ಎತ್ತರಕ್ಕೆ ಮೆಷ್ ಕಟ್ಟಿ. ಹಳೆಯ ಮೀನುಬಲೆ ಕಟ್ಟಬೇಡಿ. ಕಾಲು ಸಿಕ್ಕಿಕೊಳ್ಳುತ್ತದೆ, ನೈಲಾನ್ ಎಳೆ ನುಂಗಿದರೆ ಕರುಳಿಗೆ ಸುತ್ತುತ್ತದೆ. ಒಂದು ಬದಿಗೆ ಬಾಗಿಲು ತೆರೆದ ಕ್ರೇಟ್, ಪಕ್ಕದಲ್ಲಿ ನೀರು. ಎದುರು ತುದಿಯಲ್ಲಿ ಅಗಲವಾದ ಟ್ರೇಯಲ್ಲಿ ಅಂಗಳದ ಮಣ್ಣು. ಸಮುದ್ರದ ಹೊಯ್ಗೆ ಬೇಡ, ಮರಿಗಳು ತಿನ್ನುತ್ತವೆ. ಅತ್ತೆಯವರು ಮೆಟ್ಟಿಲು ಇಳಿಯಬೇಕಿಲ್ಲ. ಉಣಿಸಿದ ಮೇಲೆ, ಮರಿ ನಿದ್ದೆಯಿಂದ ಎದ್ದಾಗ, ಅದನ್ನು ಟ್ರೇಯ ಕಡೆ ತಿರುಗಿಸಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರೆ ಸಾಕು. ಅವರ ಕೈಯಿಂದಲೇ ಮೀನಿನ ಚೂರು ಸಿಗಲಿ. ಈ ಮನೆಯಲ್ಲಿ ಮರಿಗೆ ಅವರಷ್ಟು ಹೊತ್ತು ಕೊಡಬಲ್ಲವರು ಬೇರೆ ಯಾರೂ ಇಲ್ಲ, ಅದನ್ನು ಅವರಿಗೂ ಹೇಳಿ. ಪೇಪರ್ ಹಾಸುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ನೆಲದ ಮೇಲೆ ಯಾವ ಪೇಪರ್ ಕಂಡರೂ ಕೂರುತ್ತದೆ. ಮಣ್ಣಿಗೆ ರೂಢಿಯಾದ ಮರಿಯನ್ನು ಆಮೇಲೆ ಅಂಗಳಕ್ಕೆ ಇಳಿಸುವುದು ಸುಲಭ. ಟ್ರೇಯ ಒಂದು ಹಿಡಿ ಉಚ್ಚೆಮಣ್ಣನ್ನು ಕೆಳಗಿನ ಜಾಗದಲ್ಲಿ ಹಾಕಿದರೆ ಅದಕ್ಕೇ ತಿಳಿಯುತ್ತದೆ.

ಮಳೆ ನಿಲ್ಲಲಿ ಎಂದು ಕಾದರೆ ನಿಮ್ಮೂರಲ್ಲಿ ನವರಾತ್ರಿ ಬರುತ್ತದೆ. ಮೆಟ್ಟಿಲಿನ ಅಡಿಯ ಒಣ ಜಾಗವನ್ನು ಗೊತ್ತುಮಾಡಿಕೊಳ್ಳಿ, ಬೇರೆ ನಾಯಿಗಳು ಬಾರದ ಕಡೆ. ಇದು ಬರೀ ಅನುಕೂಲದ ಮಾತಲ್ಲ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆಗಾಲದ ನಿಂತ ನೀರಿನಲ್ಲಿ ಇಲಿಜ್ವರವಿದೆ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದು, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತಿನ ಔಷಧಿಯೂ ಬಾಕಿಯಿದ್ದರೆ ಈ ವಾರವೇ ಆಗಲಿ, ಜಂತಿರುವ ಮರಿಗೆ ಹೊಟ್ಟೆಯೇ ಹಿಡಿತದಲ್ಲಿರುವುದಿಲ್ಲ. ಹಸುವಿನ ಹಾಲು ಹೆಚ್ಚಾದರೂ ಭೇದಿಯೇ. ಇನ್ನೊಂದು: ಇದು ಬೀದಿಯಲ್ಲಿ ಸಿಕ್ಕಿದ ಮರಿ. ಆಡುವಾಗ ಹಲ್ಲು ತಾಗಿ ಯಾರಿಗಾದರೂ ರಕ್ತ ಬಂದಿದ್ದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಹಿಂದೆ ತಾಗಿದ್ದಾದರೂ ಹೋಗಿ. ಮರಿ ಚಿಕ್ಕದು ಎಂದು ಬಿಡಬೇಡಿ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಚಿರತೆ ಕಾಟಕ್ಕೆ ಹಿಂದಿನ ನಾಯಿ ಹೋಯಿತು. ಹೊಸ ಮರಿಗೆ ಅಡಕೆ ದಬ್ಬೆಯ (ಸೀಳಿದ ಅಡಕೆ ಮರದ ಪಟ್ಟಿಯ) ಗೂಡು ಮಾಡಿ ಜಗಲಿಯಲ್ಲಿ ಇಟ್ಟರೆ ಆಗಬಹುದೇ?
– ಒಬ್ಬ ಬೆಳೆಗಾರ, ಶಿರಸಿ

ಉತ್ತರ: ಹಗಲಿಗೆ ಆಗಬಹುದು, ರಾತ್ರಿಗೆ ಖಂಡಿತ ಬೇಡ. ದಬ್ಬೆ ಚಿರತೆಗೆ ಲೆಕ್ಕಕ್ಕಿಲ್ಲ. ಗೂಡಿನಲ್ಲಿರುವ ಮರಿಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಕತ್ತಲಾಗುತ್ತಲೇ ಗೂಡು ಹೆಬ್ಬಾಗಿಲಿನ ಒಳಗೆ ಬರಬೇಕು. ರಾತ್ರಿ ಹೊರಗೆ ಬಿಡುವಾಗ ದೀಪ ಹಾಕಿ, ಹಗ್ಗ ಹಿಡಿದು, ನೀವೂ ಜೊತೆಗೆ ಹೋಗಿ.

ದಬ್ಬೆಯ ಒಳಮೈಯನ್ನು ಕತ್ತಿಯಿಂದ ನುಣ್ಣಗೆ ಹೆರೆಯಿರಿ. ಹಲ್ಲು ಬರುವ ಮರಿ ಅದನ್ನು ಜಗಿದೇ ಜಗಿಯುತ್ತದೆ, ಸಿಬರು ಅಂಗುಳಕ್ಕೆ ನಾಟಿದರೆ ತೆಗೆಯುವುದು ಬಹಳ ಕಷ್ಟ. ನಡುವಿನ ಸಂದಿನಲ್ಲಿ ತಲೆ ತೂರಬಾರದು. ತಳಕ್ಕೆ ದರಕು (ಉದುರಿದ ಒಣ ಎಲೆ) ಹಾಕಬೇಡಿ. ಹೊರಗೆ ದರಕಿನ ಮೇಲೆ ಉಚ್ಚೆ ಮಾಡುವ ಮರಿಗೆ ಒಳಗಿನದೂ ಅದೇ ಎನಿಸುತ್ತದೆ, ಮೇಲಾಗಿ ಉಣುಗು ಒಳಗೆ ಬರುತ್ತದೆ. ಸುಲಿಯುವ ಕಾಲದಲ್ಲಿ ಹಸಿ ಅಡಕೆ ಮರಿಯ ಬಾಯಿಗೆ ಸಿಗದಂತೆ ನೋಡಿ. ಅಡಕೆಯಲ್ಲಿರುವ ಅರೆಕೊಲಿನ್ ಅನ್ನು ಒಂದು ಕಾಲಕ್ಕೆ ನಾಯಿಗಳ ಲಾಡಿಹುಳಕ್ಕೆ ಔಷಧಿಯಾಗಿ ಕೊಡುತ್ತಿದ್ದರು. ಕರುಳನ್ನು ಹಿಂಡಿ ಖಾಲಿ ಮಾಡಿಸುವಷ್ಟು ಜೋರು ಅದು. ಅಡಕೆ ಜಗಿದ ಮರಿ ಜೊಲ್ಲು ಸುರಿಸಿ ವಾಂತಿ-ಭೇದಿ ಮಾಡಿಕೊಂಡರೆ ಕಾಯದೆ ಪಶು ಆಸ್ಪತ್ರೆಗೆ ತನ್ನಿ. ಆ ದಿನ ಗೂಡಿನಲ್ಲಿ ಆದದ್ದನ್ನು ಮರಿಯ ತಪ್ಪೆಂದು ಎಣಿಸಬೇಡಿ.

ಪ್ರಶ್ನೆ: ಐದು ತಿಂಗಳ ಹೆಣ್ಣುಮರಿ. ಇಷ್ಟು ದಿನ ಗೂಡು ಒಣಗಿರುತ್ತಿತ್ತು, ಈಗ ಒಂದು ವಾರದಿಂದ ಮತ್ತೆ ಒಳಗೇ ಮಾಡುತ್ತಿದೆ. ಮರೆತುಬಿಟ್ಟಿತೇ?
– ಕುಮಟಾದ ಓದುಗರು

ಉತ್ತರ: ಮರೆತಿರಲಾರದು. ಇದ್ದಕ್ಕಿದ್ದಂತೆ ಹೀಗಾದರೆ ನಾನು ಮೊದಲು ನೋಡುವುದು ಮೂತ್ರದ ಸೋಂಕು. ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಕೂರುತ್ತದೆಯೇ, ಕೂತಾಗ ತಿಣುಕುತ್ತದೆಯೇ, ಬಣ್ಣ ಕೆಂಪಗಿದೆಯೇ, ನೀರು ಹೆಚ್ಚು ಕುಡಿಯುತ್ತಿದೆಯೇ ಗಮನಿಸಿ. ಕುದಿಸಿ ಒಣಗಿಸಿದ ಸೌಟಿನಲ್ಲಿ ಬೆಳಗಿನ ಮೊದಲ ಉಚ್ಚೆಯನ್ನು ಹಿಡಿದು, ಸ್ವಚ್ಛ ಬಾಟಲಿಗೆ ಹಾಕಿ, ಒಂದು ತಾಸಿನೊಳಗೆ ಡಾಕ್ಟರಿಗೆ ತಲುಪಿಸಿ. ವರದಿ ಬರುವವರೆಗೆ ಗೂಡಿನ ಬಾಗಿಲು ಹಾಕಬೇಡಿ, ನೀರನ್ನೂ ಕಡಿಮೆ ಮಾಡಬೇಡಿ.