ಅಂಚೆಗೆ ಹಾಕದ ತೆನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕಾಸರಗೋಡು ತಾಲೂಕಿನ ಒಳನಾಡಿನ ಕೊಂಕಣಿ ಕಥೋಲಿಕ ಕುಟುಂಬವೊಂದರ ಅಣ್ಣ ಮತ್ತು ತಂಗಿ ನನ್ನಲ್ಲಿಗೆ ಬಂದದ್ದು ಬೇರೆ ಬೇರೆ ದಿನ. ಅಣ್ಣ ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಕರು. ಅವರಿಗಿಂತ 15 ವರ್ಷ ಚಿಕ್ಕವಳಾದ ತಂಗಿ ಮೊದಲ ಮದುವೆ ಮುರಿದು, ನ್ಯಾಯಾಲಯದಿಂದ ವಿಚ್ಛೇದನ ಪಡೆದು, ಆ ಮದುವೆ ಅಸಿಂಧು, ಅಂದರೆ ಮೊದಲಿನಿಂದಲೇ ಊರ್ಜಿತವಲ್ಲ, ಎಂಬ ಚರ್ಚಿನ ತೀರ್ಪಿಗೆ ಕಾಯದೆ ನೋಂದಣಿ ಕಚೇರಿಯಲ್ಲಿ ಎರಡನೆಯ ಮದುವೆಯಾಗಿದ್ದಳು.

ಜಗಳಕ್ಕೆ ಕಾರಣವಾದದ್ದು ಒಂದು ಲಕೋಟೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಅಂದರೆ ಮಾತೆ ಮರಿಯಮ್ಮನವರ ಜನ್ಮದಿನದಂದು, ಚರ್ಚಿನಲ್ಲಿ ಆಶೀರ್ವದಿಸಿ ಕೊಡುವ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಪರವೂರಿನಲ್ಲಿರುವವರಿಗೆ ನಾಲ್ಕು ಕಾಳನ್ನಾದರೂ ಲಕೋಟೆಯಲ್ಲಿಟ್ಟು ಕಳುಹಿಸುತ್ತಾರೆ. ತಂದೆ ತೀರಿಕೊಂಡ ಮೇಲೆ ಈ ಹೊಣೆ ಅಣ್ಣನದಾಗಿತ್ತು. ಆ ವರ್ಷ ತಾಯಿ ಮಗಳ ವಿಳಾಸ ಬರೆದು ಕೊಟ್ಟ ಲಕೋಟೆಯನ್ನು ಅವರು ಅಂಚೆಗೆ ಹಾಕದೆ ಮೇಜಿನ ಡ್ರಾಯರಿನಲ್ಲಿಟ್ಟರು. ತಂಗಿ ಫೋನು ಮಾಡಿ ಕೇಳಿದಾಗ, "ನೀನು ಬಹಿಷ್ಕಾರಕ್ಕೆ ಒಳಗಾದವಳು, ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ, ಗೊತ್ತುಂಟಲ್ಲ?" ಎಂದರಂತೆ. ಧರ್ಮಸಭೆಯೆಂದರೆ ಕಥೋಲಿಕ ಚರ್ಚು, ರಕ್ಷಣೆಯೆಂದರೆ ಆತ್ಮದ ಮುಕ್ತಿ. "ಅಣ್ಣ, ಸ್ವರ್ಗದ ಕೀಲಿಕೈ ಪಾದ್ರಿಗಳ ಜೇಬಿನಲ್ಲಿದೆಯೇ?" ಎಂದು ಆಕೆ ತಿರುಗಿ ಕೇಳಿದಳು. ಪೇತ್ರನಿಗೆ ಯೇಸುಸ್ವಾಮಿ ಕೀಲಿಕೈ ಕೊಟ್ಟ ಮತ್ತಾಯನ ಸುವಾರ್ತೆಯ 16ನೆಯ ಅಧ್ಯಾಯ ಅಧ್ಯಾಪಕರಿಗೆ ಬಾಯಿಪಾಠವಿತ್ತು. ಅಲ್ಲಿಗೆ ಏಳು ತಿಂಗಳು ಮಾತು ನಿಂತಿತು.

ಇಬ್ಬರನ್ನೂ ಜೊತೆಗೆ ಕೂರಿಸಿದ ಮೊದಲ ದಿನ ತಪ್ಪು ಮಾಡಿದವನು ನಾನು. ಧರ್ಮಸಭೆಯ ಹೊರಗಿರುವವರಿಗೆ ರಕ್ಷಣೆಯೇ ಇಲ್ಲವೆಂದು ಬಿಗಿಯಾಗಿ ಬೋಧಿಸುತ್ತಿದ್ದ ಅಮೆರಿಕದ ಧರ್ಮಗುರು ಲಿಯೊನಾರ್ಡ್ ಫೀನಿಯವರೇ, ರೋಮಿನ ಕರೆಗೆ ಓಗೊಡದ ಅವಿಧೇಯತೆಗಾಗಿ 1953ರಲ್ಲಿ ಬಹಿಷ್ಕೃತರಾಗಿ, 1972ರಲ್ಲಿ ಸಂಧಾನವಾಗಿ ಮರಳಿದ ಸಂಗತಿಯನ್ನು ನಾನು ಉತ್ಸಾಹದಿಂದ ಹೇಳಿದೆ. ಸಂಗತಿ ನಿಜವೇ, ಆದರೆ ತಂಗಿ ನಕ್ಕಳು, ಅಣ್ಣ ಕೊಡೆ ಎತ್ತಿಕೊಂಡು ಎದ್ದರು. ಕ್ರೈಸ್ತನಲ್ಲದ ನಾನು ಅವರ ಮನೆಯ ಜಗಳದಲ್ಲಿ ಒಂದು ಪಕ್ಷಕ್ಕೆ ಕಲ್ಲು ಒದಗಿಸಿದಂತಾಗಿತ್ತು. ಮರುವಾರ ಕ್ಷಮೆ ಕೇಳಿ, ಧರ್ಮಶಾಸ್ತ್ರದ ಪ್ರಶ್ನೆಗಳನ್ನು ಇಬ್ಬರೂ ಒಪ್ಪುವ ಒಬ್ಬ ಹಿರಿಯ ಧರ್ಮಗುರುಗಳಿಗೆ ಒಪ್ಪಿಸೋಣವೆಂದೆ.

ಆ ಗುರುಗಳು ಎತ್ತಿದ ಮೊದಲ ಪ್ರಶ್ನೆಯೇ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ: ಈಕೆಯನ್ನು ಬಹಿಷ್ಕರಿಸಿದವರು ಯಾರು? ವಿಚ್ಛೇದನದ ನಂತರ ಮರುಮದುವೆಯಾದವರು ಸಾಮಾನ್ಯವಾಗಿ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವಂತಿಲ್ಲ ಎಂಬುದು ಬೇರೆ, ಬಹಿಷ್ಕಾರ ಬೇರೆ. ಅಂಥವರು ಬಹಿಷ್ಕೃತರಲ್ಲವೆಂದು ಪೋಪ್ ಫ್ರಾನ್ಸಿಸ್ 2015ರ ಆಗಸ್ಟ್ 5ರಂದು ಬಿಚ್ಚಿಯೇ ಹೇಳಿದ್ದಾರೆ. ಇನ್ನು, ಬಹಿಷ್ಕಾರವೇ ಆಗಿದ್ದರೂ 1983ರ ಧರ್ಮಸಭಾ ಕಾನೂನು ಸಂಹಿತೆ ಅದನ್ನು ಔಷಧರೂಪದ, ಅಂದರೆ ತಿದ್ದುವುದಕ್ಕಾಗಿ ಕೊಡುವ, ಶಿಕ್ಷೆಗಳ ಸಾಲಿನಲ್ಲಿಟ್ಟಿದೆ. ಅದು ಸಂಸ್ಕಾರಗಳಿಂದ ದೂರವಿಡುತ್ತದೆಯೇ ಹೊರತು ನರಕದ ತೀರ್ಪು ಬರೆಯುವುದಿಲ್ಲ. ಮರಣಾಪಾಯದಲ್ಲಿರುವ ಬಹಿಷ್ಕೃತನನ್ನು ಯಾವ ಧರ್ಮಗುರುವಾದರೂ ಆ ಶಿಕ್ಷೆಯಿಂದ ಬಿಡಿಸಬಹುದು. ಸಂತ ಪೌಲರು ಕೊರಿಂಥದ ಸಭೆಗೆ ಒಬ್ಬನನ್ನು ಹೊರಹಾಕಿರೆಂದು ಬರೆದಾಗಲೂ ಕೊಟ್ಟ ಕಾರಣ, ಕೊನೆಗೆ ಅವನ ಆತ್ಮ ಉಳಿಯಲಿ ಎಂಬುದೇ.

ತಂಗಿಯ ಮುಖ ಅರಳಿತು. ಆದರೆ ಗುರುಗಳು ಆಕೆಗೂ ಅನುಕೂಲದ ಅರ್ಧವನ್ನಷ್ಟೇ ಕೊಡಲಿಲ್ಲ. ಕಥೋಲಿಕ ಬಿಷಪರ ವಿಶ್ವಸಭೆಯಾದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ, ಧರ್ಮಸಭೆಯನ್ನು ಕುರಿತ ಸಂವಿಧಾನವು, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರಿಗೂ ರಕ್ಷಣೆ ಸಾಧ್ಯವೆನ್ನುವಂತೆಯೇ, ಧರ್ಮಸಭೆ ಅಗತ್ಯವೆಂದು ಅರಿತೂ ಅದರಲ್ಲಿ ಉಳಿಯಲು ನಿರಾಕರಿಸುವವರಿಗೆ ರಕ್ಷಣೆಯಿಲ್ಲವೆಂದೂ, ದೇಹದಿಂದ ಒಳಗಿದ್ದೂ ಪ್ರೀತಿಯಲ್ಲಿ ನೆಲೆನಿಲ್ಲದವರಿಗೆ ಅದು ದೊರೆಯದೆಂದೂ ಹೇಳುತ್ತದೆ. ಕೊನೆಯ ಮಾತನ್ನು ಅಣ್ಣ ಇನ್ನೊಮ್ಮೆ ಓದಿಸಿ ಕೇಳಿದರು.

ನನ್ನ ಸಲಹೆ ಇದರ ಮುಂದಿನದು, ಧರ್ಮಶಾಸ್ತ್ರಕ್ಕಿಂತ ಸಣ್ಣದು. ವಾದ ನಿಲ್ಲಿಸಿರೆಂದು ನಾನು ಹೇಳಲಿಲ್ಲ. ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಂಡ ಮನೆಯಲ್ಲಿ ವಾದ ನಿಂತರೆ ಉಳಿಯುವುದು ಮುನಿಸು ಮಾತ್ರ. "ಧರ್ಮಸಭೆ ಹೀಗೆ ಕಲಿಸುತ್ತದೆ" ಎಂಬ ಮಾತನ್ನೂ "ನೀನು ಹಾಳಾದೆ" ಎಂಬ ಮಾತನ್ನೂ ಒಂದೇ ಉಸಿರಿನಲ್ಲಿ ಆಡಬಾರದೆಂದು ಅಣ್ಣನಿಗೆ ಹೇಳಿದೆ. ಮೊದಲನೆಯದಕ್ಕೆ ಗ್ರಂಥದ ಆಧಾರವಿದೆ, ಎರಡನೆಯದು ಅವರಿಗೆ ಯಾರೂ ಒಪ್ಪಿಸದ ಅಧಿಕಾರ. ಪಾದ್ರಿಗಳನ್ನು ಹಳಿಯುವುದು ಅಣ್ಣನ ಪ್ರಶ್ನೆಗೆ ಉತ್ತರವಾಗುವುದಿಲ್ಲವೆಂದು ತಂಗಿಗೆ ಹೇಳಿದೆ. ಮತ್ತೊಂದು ಷರತ್ತು: ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು, ಅವರು "ಹೌದು, ಅದೇ" ಎನ್ನುವಂತೆ ಹೇಳಿ ತೋರಿಸಬೇಕು.

ಇದು ಅಧ್ಯಾಪಕರಿಗೆ ಕಷ್ಟವಾಯಿತು. "ಅವಳಿಗೆ ಚರ್ಚು ಬೇಡವಾಗಿದೆ" ಎಂದರು, ಆಕೆ ತಲೆಯಾಡಿಸಿದಳು. "ನಿಯಮ ತನಗಲ್ಲ ಎಂದುಕೊಂಡಿದ್ದಾಳೆ" ಎಂದರು, ಅದೂ ಅಲ್ಲ. ಕೊನೆಗೆ ಆಕೆಯೇ ಹೇಳಿದಳು, ಒಂದು ಆದಿತ್ಯವಾರವೂ ಬಲಿಪೂಜೆ ತಪ್ಪಿಸಿಲ್ಲ, ಪರಿಚಯದವರಿಲ್ಲದ ಚರ್ಚಿಗೆ ಎರಡು ಬಸ್ಸು ಹಿಡಿದು ಹೋಗುತ್ತೇನೆ, ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತೇ ಇರುತ್ತೇನೆ ಎಂದು. ಅಣ್ಣನಿಗೆ ಇದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಮೊದಲಿನ ಸಂಬಂಧ ನೋಡಿ ಒಪ್ಪಿಸಿದವನು ನಾನೇ ಅಲ್ಲವೇ" ಎಂದರು. ಏಳು ತಿಂಗಳು ಅವರು ರಕ್ಷಣೆಯ ಹೆಸರಿನಲ್ಲಿ ಹೊತ್ತು ತಿರುಗಿದ ಭಾರ ಅದೇ ಇರಬೇಕೆಂದು ನನಗನ್ನಿಸಿತು, ಆದರೆ ಆಗ ಬಾಯಿ ಬಿಡಲಿಲ್ಲ.

ಕೇರಳದಲ್ಲಿದ್ದರೂ ಈ ಕುಟುಂಬ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮೊದಲ ಮದುವೆಯ ಸಿಂಧುತ್ವವನ್ನು ಅಲ್ಲಿನ ಧರ್ಮಸಭಾ ನ್ಯಾಯಪೀಠದ ಮುಂದಿಡಬಹುದೆಂದೂ, 2015ರ ಸುಧಾರಣೆಯ ನಂತರ ಅಸಿಂಧುವೆಂಬ ತೀರ್ಪಿಗೆ ಎರಡನೆಯ ಪೀಠದ ದೃಢೀಕರಣ ಕಡ್ಡಾಯವಲ್ಲವೆಂದೂ ಗುರುಗಳು ತಿಳಿಸಿದರು. ತಂಗಿ ಅರ್ಜಿಯ ಬಗ್ಗೆ ಇನ್ನೂ ನಿರ್ಧರಿಸಿಲ್ಲ. ಎರಡನೆಯ ಮದುವೆ ತಪ್ಪೆಂಬ ನಿಲುವನ್ನು ಅಣ್ಣ ಬಿಟ್ಟಿಲ್ಲ, ಬಿಡಬೇಕೆಂದು ನಾನು ಕೇಳಿಯೂ ಇಲ್ಲ.

ಮರುವರ್ಷದ ಮೊಂತಿ ಹಬ್ಬಕ್ಕೆ ಲಕೋಟೆ ಅಂಚೆಯಲ್ಲಿ ಹೋಯಿತು. ಅದರ ಮೇಲೆ ಆಕೆಯ ಹೆಸರು ಮಾತ್ರವಿತ್ತು, ಗಂಡನದಿರಲಿಲ್ಲ. ಆಕೆ ಫೋನಿನಲ್ಲಿ ಅದನ್ನು ಹೇಳಿ, "ಕಾಳು ಮಾತ್ರ ಇಬ್ಬರಿಗಾಗುವಷ್ಟು ಉಂಟು" ಎಂದಳು.