ಉಚ್ಚಾರಣೆ ಬದಲಾಯಿಸಬೇಕಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಮೂರು ವಿಷಯ ಕೇಳಿದ್ದೀಯ. ಮಯಾಮಿಯಲ್ಲಿ ಬಾಡಿಗೆ ಹೇಗೆ, ಕಾರು ಬೇಕೇ ಬೇಕಾ, ಬೆಂಗಳೂರಿನಲ್ಲಿ ಆರು ವರ್ಷ ನಾಟಕ ಮಾಡಿದವನು ಇಲ್ಲಿ ಆಡಿಷನ್‌ಗೆ ಹೋಗಬೇಕಾದರೆ ನಮ್ಮ ಕಡೆಯ ಇಂಗ್ಲಿಷ್ ಬಿಡಬೇಕಾ ಅಂತ.

ಬಾಡಿಗೆ ಜಾಸ್ತಿ, ಜೊತೆಗೊಬ್ಬರನ್ನು ಹುಡುಕಿಕೋ. ಕಾರು ಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ನೀರು, ಟಾರ್ಚು, ಅವಲಕ್ಕಿ ಮನೆಯಲ್ಲಿರಲಿ. ಅವಲಕ್ಕಿ ಯಾಕೆ ಅಂತ ನಿನಗೆ ಹೇಳಬೇಕಿಲ್ಲ.

ಮೂರನೆಯದಕ್ಕೆ ನನ್ನ ಉತ್ತರ: ಬಿಡಬೇಡ.

ಡೆಸಿ ಅರ್ನಾಜ್ ಹೆಸರು ಕೇಳಿದ್ದೀಯಾ? ನನಗೆ ಅವನ ಕತೆ ಹೇಳಿದ್ದು ಎಂಟನೇ ಬೀದಿಯ ಕಾಫಿ ಕಿಟಕಿಯ ಹತ್ತಿರ ಸಿಗುತ್ತಿದ್ದ ಕ್ಯೂಬಾದ ಹಿರಿಯರೊಬ್ಬರು. ಡೆಸಿ 1917ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊದಲ್ಲಿ ಹುಟ್ಟಿದವನು. ಅಪ್ಪ ಆ ಊರಿನ ಮೇಯರ್. 1933ರ ದಂಗೆಯಲ್ಲಿ ಮನೆ, ಆಸ್ತಿ ಎಲ್ಲ ಹೋಯಿತು, ಅಪ್ಪ ಜೈಲು ಸೇರಿದರು. ಆ ಹುಡುಗ ಇದೇ ಮಯಾಮಿಗೆ ಬಂದು ಹಕ್ಕಿಗಳ ಪಂಜರ ತೊಳೆದ. ಆಮೇಲೆ ಗಿಟಾರು, ಬ್ಯಾಂಡು, ಕಾಂಗಾ ಡೋಲು. 1939ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ಒಂದು ನಾಟಕದಲ್ಲಿದ್ದ. ಮರುವರ್ಷ ಅದೇ ನಾಟಕದ ಸಿನಿಮಾ ಮಾಡುವಾಗ ನಟಿ ಲೂಸಿಲ್ ಬಾಲ್ ಸಿಕ್ಕಳು, ಮದುವೆಯಾದರು.

ಟಿವಿಗೆ ಅವಳು ಬೇಕಿತ್ತು. ಅವನು ಬೇಡವಾಗಿತ್ತು. ಅಮೆರಿಕದ ಹೆಂಗಸಿಗೆ ಸ್ಪ್ಯಾನಿಷ್ ಧಾಟಿಯಲ್ಲಿ ಇಂಗ್ಲಿಷ್ ಮಾತಾಡುವ ಕ್ಯೂಬಾದ ಗಂಡ ಅಂದರೆ ಜನ ನಂಬುವುದಿಲ್ಲ ಅಂದರು. ಅವನು ನಾಲಿಗೆ ತಿದ್ದಿಕೊಳ್ಳಲು ಹೋಗಲಿಲ್ಲ. 1950ರಲ್ಲಿ ಗಂಡ ಹೆಂಡತಿ ಊರೂರು ಸುತ್ತಿ ರಂಗದ ಮೇಲೆ ಜೊತೆಯಾಗಿ ಆಡಿ ತೋರಿಸಿದರು. ಜನ ಒಪ್ಪಿದರು. 1951ರ ಅಕ್ಟೋಬರ್‌ನಲ್ಲಿ ಇಬ್ಬರೂ ಗಂಡ ಹೆಂಡತಿಯಾಗಿ ಆಡಿದ ಟಿವಿ ಹಾಸ್ಯ ಧಾರಾವಾಹಿ 'ಐ ಲವ್ ಲೂಸಿ' ಶುರುವಾಯಿತು. ಸಿಟ್ಟು ಬಂದರೆ ಅವನ ಬಾಯಲ್ಲಿ ಸ್ಪ್ಯಾನಿಷ್ ಸುರಿಯುತ್ತಿತ್ತು. ನೀನು ನಾಟಕದವನು, ಇದು ನಿನಗೆ ಇಷ್ಟವಾಗುತ್ತದೆ: ಮುಂದೆ ಜನರನ್ನು ಕೂರಿಸಿ, ನಾಟಕದ ಹಾಗೇ ಆಡಿ, ಮೂರು ಕ್ಯಾಮೆರಾದಲ್ಲಿ ಫಿಲ್ಮಿಗೆ ತೆಗೆದರು. ಸಂಬಳ ಕಡಿಮೆ ಮಾಡಿಕೊಂಡು ಆ ಫಿಲ್ಮಿನ ಹಕ್ಕು ಉಳಿಸಿಕೊಂಡ. 1957ರಲ್ಲಿ, ತನ್ನ ಮೊದಲ ಸಿನಿಮಾ ಮಾಡಿದ ಆರ್‌ಕೆಒ ಸ್ಟುಡಿಯೋವನ್ನೇ ಇಬ್ಬರೂ ಕೊಂಡರು.

ನಾನು ಹಾಗೆ ಮಾಡಲಿಲ್ಲ ತಮ್ಮಾ. 1996ರಲ್ಲಿ ಬಂದಾಗ ಕೆಲಸದ ಜಾಗದಲ್ಲಿ ನನ್ನ ಮಾತಿಗೆ ಎರಡು ಸಲ ನಕ್ಕರು. ಕ್ಯಾಸೆಟ್ ತಂದು ರಾತ್ರಿಯೆಲ್ಲ ಅಭ್ಯಾಸ ಮಾಡಿದೆ. ನನ್ನ ಹೆಸರನ್ನೂ ಅವರ ಹಾಗೇ ಹೇಳಲು ಕಲಿತೆ. ಒಂದು ದಿನ ಅಪ್ಪ ಹಳ್ಳಿಯಿಂದ ಬಸ್ಸು ಹತ್ತಿ, ಹಾಸನದ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನ್ ಮಾಡಿದರು. ನಾನು ಎತ್ತಿ, ಹಲೋ ಅಂದು ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಫೋನ್ ಇಟ್ಟರು. ತಿಂಗಳಾದ ಮೇಲೆ ಕಾಗದ ಬಂತು. ಅಕ್ಕನಿಗೆ ಮಗಳು ಹುಟ್ಟಿದ್ದಾಳೆ, ಹೇಳೋಣ ಅಂತ ಫೋನ್ ಮಾಡಿದೆ, ಯಾರೋ ಬೇರೆಯವರು ಎತ್ತಿದರು ಅಂತ ಬರೆದಿದ್ದರು. ಅದು ನಾನೇ ಅಂತ ಅವರಿಗೆ ಕೊನೆವರೆಗೂ ಹೇಳಲಿಲ್ಲ. ಈಗ ಅವರಿಲ್ಲ.

ನಿಧಾನವಾಗಿ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಮಾತಾಡು, ಅಷ್ಟು ಸಾಕು. ಅರ್ಜಿಯಲ್ಲಿ ಪೂರ್ತಿ ಹೆಸರು ಬರೆ. ಆಡಿಷನ್ ಯಾವತ್ತು ಅಂತ ತಿಳಿಸು, ನಿನಗೆ ಇನ್ನೂ ಕಾರಿಲ್ಲ ಅಲ್ವಾ, ನಾನೇ ಕರೆದುಕೊಂಡು ಹೋಗುತ್ತೇನೆ.